ಕೇಳಲು ಏನೂ ಉಳಿದಿಲ್ಲ ಎನ್ನುವವರಿಗೆ

ಶಹಾಪುರದ ಬಸ್ ನಿಲ್ದಾಣದ ಎದುರಿನ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ, ಕಾಲೇಜಿನಲ್ಲಿ ಕನ್ನಡ ಕಲಿಸುವ ಮಿತ್ರರೊಬ್ಬರು ತಮ್ಮ ಮೊಬೈಲನ್ನು ನಮ್ಮೆದುರು ಹಿಡಿದರು. 'ಮೊಹರಂ ಪದ' ಎಂದು ಬರೆದು ಹುಡುಕಿದ್ದರು. ಹತ್ತಿಪ್ಪತ್ತು ಹಾಡು ಬಂದಿದ್ದವು. ಅವುಗಳಲ್ಲಿ ಅರ್ಧದಷ್ಟು ಡಿಜೆ ಸದ್ದು ಬೆರೆಸಿದವು; ಉಳಿದವು ಒಂದೇ ಹಾಡಿನ ನಾಲ್ಕಾರು ನಕಲುಗಳು. 'ನೋಡ್ರಿ, ನಮ್ಮ ಭಾಗದ ಪದ ಅಂದ್ರ ಇಷ್ಟೇ. ನೀವು ಸುಮ್ಮನ ಇಲ್ಲದ್ದು ಹುಡುಕ್ಕೊಂಡು ಹಳ್ಳಿ ಸುತ್ತತೀರಿ' ಎಂದರು. ನಮ್ಮ ಜಗಳವಿರುವುದು ಈ 'ಇಷ್ಟೇ' ಎಂಬ ಮಾತಿನ ಜೊತೆ.

ಮೊಬೈಲು ಏನು ಮಾಡುತ್ತದೆ? ನಾವು ಈಗಾಗಲೇ ಕೇಳಿದ್ದನ್ನು ನೋಡಿ, ನಮ್ಮಂಥ ಬೇರೆಯವರು ಕೇಳಿದ್ದನ್ನು ತಂದು ಕೊಡುತ್ತದೆ. ಯಾರೂ ಕೇಳದ ಹಾಡನ್ನು ಅದು ಎಲ್ಲಿಂದ ತರಬೇಕು? ಇನ್ನೊಂದು ತೊಡಕೂ ಇದೆ. ಅದು ಹೆಚ್ಚಾಗಿ ಹುಡುಕುವುದು ಹೆಸರನ್ನು, ಧ್ವನಿಯನ್ನಲ್ಲ. ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ರಿವಾಯತ್ ಪದಗಳಿಗೆ, ತತ್ವಪದಗಳಿಗೆ ಹೆಸರೇ ಇರುವುದಿಲ್ಲ. ಅವು ಧಾಟಿಯಿಂದ, ಊರಿನಿಂದ, ಹಾಡಿದವನಿಂದ ಗುರುತಾಗುತ್ತವೆ. 'ಕೆಂಭಾವಿ ಮೇಳದವರು ಹೋದ ವರ್ಷ ಕತ್ತಲ ರಾತ್ರಿ ಹಾಡಿದ್ದು' ಎಂದರೆ ಇಲ್ಲಿ ತಿಳಿಯುತ್ತದೆ. ಯಂತ್ರಕ್ಕೆ ಆ ವಿಳಾಸ ಸಾಲದು.

ಒಳ್ಳೆಯ ಸಂಗೀತವನ್ನು ಹುಡುಕುವುದೂ ಒಂದು ವಿದ್ಯೆ. ಅದನ್ನು ಗಂಭೀರವಾಗಿ ತೆಗೆದುಕೊಂಡವರು ದೂರದ ಜಮೈಕಾದ ರೆಗೆ ತಟ್ಟೆಗಳ ಹಿಂದೆ ಬಿದ್ದ ಸಂಗ್ರಾಹಕರು. ರೆಗೆ ಎಂದಕೂಡಲೇ ನಮ್ಮ ಹುಡುಗರಿಗೆ ನೆನಪಾಗುವುದು ಟೀ ಶರ್ಟಿನ ಮೇಲಿನ ಬಾಬ್ ಮಾರ್ಲಿಯ ಮುಖ. 1981ರಲ್ಲಿ ತೀರಿಕೊಂಡ ಆ ಮಹಾನುಭಾವನ ಬಗ್ಗೆ ನಮಗೆ ಗೌರವವಿದೆ. ಆದರೆ ಆತನೊಬ್ಬನೇ ರೆಗೆ ಅಲ್ಲ. ಕಿಂಗ್‌ಸ್ಟನ್ ನಗರದ ಸಣ್ಣ ಸಣ್ಣ ಅಂಗಡಿಗಳಿಂದ ಬಂದ ತಟ್ಟೆಗಳಿಗೆ ಲೆಕ್ಕವಿಲ್ಲ. ಎಷ್ಟೋ ತಟ್ಟೆಗಳ ನಡುವಿನ ಚೀಟಿ ಬರೀ ಖಾಲಿ: ಹಾಡಿದವನ ಹೆಸರಿಲ್ಲ, ಹಾಡಿನ ಹೆಸರಿಲ್ಲ. ಅದಕ್ಕೂ ಮುಂಚೆ, 1950ರ ದಶಕದಲ್ಲಿ, ದೊಡ್ಡ ದೊಡ್ಡ ಸೌಂಡ್ ಪೆಟ್ಟಿಗೆ ಇಟ್ಟು ಬೀದಿಯಲ್ಲಿ ಕುಣಿತ ನಡೆಸುತ್ತಿದ್ದ ಕಾಕ್ಸನ್ ಡಾಡ್ ಎಂಬಾತ ಅಮೆರಿಕದಿಂದ ತಂದ ತಟ್ಟೆಗಳ ಚೀಟಿಯನ್ನು ಕೆರೆದುಬಿಡುತ್ತಿದ್ದ. ಎದುರಾಳಿ ಡ್ಯೂಕ್ ರೀಡ್‌ಗೆ ಅದು ಯಾವ ಹಾಡೆಂದು ಗೊತ್ತಾಗಬಾರದಲ್ಲ! ರೀಡ್ ಹುಡುಕುವುದನ್ನು ಬಿಡಲಿಲ್ಲ. ಡಾಡ್‌ನ ಹೆಮ್ಮೆಯ ಹಾಡನ್ನು ಕೊನೆಗೂ ಪತ್ತೆಹಚ್ಚಿ ತನ್ನ ಪೆಟ್ಟಿಗೆಯಲ್ಲೇ ನುಡಿಸಿದ. ನಮ್ಮ ಸವಾಲ್-ಜವಾಬ್ ಮೇಳಗಳ ಮೇಷ್ಟ್ರುಗಳು ತಮ್ಮ ಹೊಸ ಪದವನ್ನು ದಸ್ತಿಯಲ್ಲಿ ಸುತ್ತಿಟ್ಟ ವಹಿಯೊಳಗೆ ಕತ್ತಲ ರಾತ್ರಿಯವರೆಗೂ ಬಚ್ಚಿಡುವುದನ್ನು ಕಂಡವರಿಗೆ ಇದು ಪರದೇಶದ ಕತೆ ಎನಿಸದು.

ಹಾಗಾದರೆ ಹೆಸರಿಲ್ಲದ ತಟ್ಟೆಯಲ್ಲಿ ಒಳ್ಳೆಯದು ಇದೆಯೆಂದು ಸಂಗ್ರಾಹಕ ಹೇಗೆ ತಿಳಿಯುತ್ತಾನೆ? ಮೊದಲು ತಟ್ಟೆಯನ್ನು ತಿರುವಿ ಹಾಕುತ್ತಾನೆ. ಬೆನ್ನಿನ ಕಡೆ ಅದೇ ವಾದ್ಯಮೇಳ ಇರುತ್ತದೆ, ಹಾಡಿನ ದನಿ ಇರುವುದಿಲ್ಲ. ಆಮೇಲೆ ಗೆರೆಗಳು ಮುಗಿದು ಚೀಟಿ ಶುರುವಾಗುವ ನಡುವಿನ ಖಾಲಿ ಜಾಗದಲ್ಲಿ ಕೊರೆದ ಅಂಕಿಯನ್ನು ಬೆಳಕಿಗೆ ಹಿಡಿದು ಓದುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ ತಾಳ ಹಿಡಿಯುತ್ತಾನೆ. ಅಲ್ಲಿ ಒಂದು ತಾಳದ ಮೇಲೆ ಹತ್ತಾರು, ನೂರಾರು ಹಾಡುಗಾರರು ತಮ್ಮ ತಮ್ಮ ಹಾಡು ಕಟ್ಟುತ್ತಾರೆ. ಅರವತ್ತರ ದಶಕದ ಕೊನೆಗೆ ಡಾಡ್‌ನ ಸ್ಟುಡಿಯೋದಲ್ಲಿ ಹುಟ್ಟಿದ 'ರಿಯಲ್ ರಾಕ್' ಎಂಬ ತಾಳ ಇಂದಿಗೂ ಸವೆದಿಲ್ಲ. ಮೆಚ್ಚಿದ ಒಂದು ಹಾಡಿನ ತಾಳ ಹಿಡಿದು ಹೊರಟವನಿಗೆ ಹಿಂದೆ ಕೇಳದ ಹತ್ತು ಹಾಡು ಸಿಗುತ್ತವೆ.

ಈ ವಿದ್ಯೆ ನಮ್ಮಲ್ಲಿ ಇರಲಿಲ್ಲವೇ? ಧಾರಾಳವಾಗಿ ಇತ್ತು. ಜಮೈಕಾದವರು ತಾಳ ಎನ್ನುವುದನ್ನು ನಾವು ಧಾಟಿ ಎನ್ನುತ್ತೇವೆ. ಅವರು ತಟ್ಟೆಯ ಮೇಲೆ ಕೊರೆದ ಅಂಕಿ ಓದುವಲ್ಲಿ ನಾವು ಕೊನೆಯ ನುಡಿಯ ಅಂಕಿತ ಕೇಳುತ್ತೇವೆ. ರಿವಾಯತ್ ಪದದ ಕೊನೆಯ ನುಡಿಗೆ ಬಂದ ಹಾಡುಗಾರ ತನ್ನ ಊರಿನ ಹೆಸರು, ಗುರುವಿನ ಹೆಸರು, ಪದ ಬರೆದವನ ಹೆಸರು ಹೇಳದೆ ಕೂಡುವುದಿಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದಳು, ಚೀಟಿ ಅಂಟಿಸುವ ದೂರದೇಶದವರಿಗೆ ಗೊತ್ತಾಗಲೆಂದು. (ಆಕೆ 1930ರಲ್ಲಿ ಕಣ್ಣು ಮುಚ್ಚಿದ್ದು ನಮ್ಮ ಮೈಸೂರಿನಲ್ಲಿ.) ನಮ್ಮ ಪದಕಾರರು ಯಾವ ಕಂಪನಿಯ ಹಂಗಿಲ್ಲದೆ ಅದನ್ನೇ ಮಾಡುತ್ತಿದ್ದರು. ಅಂಕಿತದಲ್ಲಿ ದೋರನಹಳ್ಳಿಯ ಹೆಸರು ಬಂದರೆ ಮರುದಿನ ದೋರನಹಳ್ಳಿಗೆ ಹೋಗಿ ಆ ಹೆಸರಿನ ಮನೆ ಕೇಳಬಹುದು. ಅಲ್ಲಿ ಒಬ್ಬ ಮುತ್ಯಾ ಇನ್ನೊಂದು ಊರು ಹೇಳುತ್ತಾನೆ. ನಾವು ಒಳ್ಳೆಯ ಪದಗಳನ್ನು ಕಂಡಿದ್ದು ಈ ದಾರಿಯಲ್ಲೇ, ಬೇರೆ ಗುಟ್ಟೇನೂ ಇಲ್ಲ.

ಈ ದಾರಿಯನ್ನು ಮುಚ್ಚಿದವರು ಯಾರು ಎಂದು ಕೇಳಿದರೆ ಮೊದಲು ಓದಿದವರ ಕಡೆಗೇ ಬೆರಳು ತೋರಬೇಕಾಗುತ್ತದೆ. ಜಾತ್ರೆಯಲ್ಲಿ ಎಂಟಾಣೆಗೆ ಮಾರುತ್ತಿದ್ದ ಪದದ ಪುಸ್ತಕಗಳಲ್ಲಿ ಪ್ರತಿ ಹಾಡಿನ ತಲೆಯ ಮೇಲೆ 'ಧಾಟಿ' ಎಂದು ಒಂದು ಸಾಲು ಇರುತ್ತಿತ್ತು. ಆ ಸಾಲು ಹಿಡಿದು ಯಾರು ಬೇಕಾದರೂ ಹಾಡಬಹುದಿತ್ತು. ವಿದ್ವಾಂಸರು ಸಂಪಾದಿಸಿದ ಎಷ್ಟೋ ದಪ್ಪ ಸಂಪುಟಗಳಲ್ಲಿ ಆ ಸಾಲೇ ಮಾಯವಾಗಿದೆ; ಹಾಡಿ ಬರೆಸಿದವನ ಹೆಸರು ಮುನ್ನುಡಿಯ ಕೃತಜ್ಞತೆಯಲ್ಲೂ ಇಲ್ಲ. ಪಾಠಾಂತರಕ್ಕೆ ಅಡಿಟಿಪ್ಪಣಿ ಉಂಟು, ಧ್ವನಿಗೆ ಇಲ್ಲ. ರಹಮತ್ ತರೀಕೆರೆಯವರಂತೆ ಊರೂರು ತಿರುಗಿ ಸೂಫಿಗಳ ಬಗ್ಗೆ, ಮೊಹರಮಿನ ಬಗ್ಗೆ ಬರೆದವರನ್ನು ಬಿಟ್ಟು ನಾವು ಈ ಮಾತು ಹೇಳುತ್ತಿದ್ದೇವೆ. ಉಳಿದವರು ಪದವನ್ನು ಸಾಹಿತ್ಯ ಮಾಡುವ ಉಮೇದಿನಲ್ಲಿ ಅದರ ಗಂಟಲು ಕಟ್ಟಿದರು.

ಎರಡನೆಯ ಬಾಗಿಲನ್ನು ಮುಚ್ಚಲು ಎರಡು ಕಡೆಯಿಂದಲೂ ಕೈಗಳು ಬಂದವು. ಪಂಜಾ ಕೂಡ್ರಿಸುವುದು, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವುದು ದೀನಿಗೆ ಸಲ್ಲದು ಎನ್ನುವ ಉಲೇಮಾಗಳ ಮಾತನ್ನು ನಾವು ಇಲ್ಲಿ ಚರ್ಚೆಗೆ ಎತ್ತಿಕೊಳ್ಳುವುದಿಲ್ಲ. ಅದು ಬಲ್ಲವರ ವಿಷಯ. ಆದರೆ ಹುಸೇನರ ಶಹಾದತ್ತನ್ನು ಕನ್ನಡದ ನಾಲಿಗೆಯಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದ ಪದಗಳನ್ನೂ ಅದೇ ನೆಪದಲ್ಲಿ ಸುಡಬೇಕೆ? ಆಚರಣೆ ಬಿಟ್ಟವರು ಕ್ಯಾಸೆಟ್ ಏಕೆ ಎಸೆಯಬೇಕು? ಇನ್ನು ಆ ಕಡೆ, ಒಂದೂ ಮುಸ್ಲಿಮರ ಮನೆಯಿಲ್ಲದ ಊರಿನಲ್ಲೂ ಬೇಡರು, ಕುರುಬರು, ದಲಿತರು ಅಲಾಯಿ ಆಡುವ ನಾಡಿನಲ್ಲಿ 'ಅದು ಅವರ ಹಬ್ಬ, ನಮಗೇಕೆ' ಎಂದು ಹುಡುಗರ ಕಿವಿಯಲ್ಲಿ ಊದುವವರು ಬಂದಿದ್ದಾರೆ. ಒಬ್ಬರನ್ನೊಬ್ಬರು ಕಂಡರಾಗದ ಈ ಎರಡು ಬಣಗಳು ಮೇಳದವರ ಬಾಯಿ ಮುಚ್ಚಿಸುವ ಒಂದು ವಿಷಯದಲ್ಲಿ ಮಾತ್ರ ಒಂದಾಗಿರುವುದು ನಮಗೆ ಸೋಜಿಗ. ತಿಂಥಣಿಯ ಮೋನಪ್ಪಯ್ಯನ ಜಾತ್ರೆಗೆ ಹೋಗುವವರಿಗಾದರೂ ಇದು ಹೊಳೆಯಬೇಕಿತ್ತು.

ಶಿಶುನಾಳ ಶರೀಫರ ವಿಷಯ ನೋಡಿ. ಸಿ. ಅಶ್ವತ್ಥ್ ಅವರ ಧ್ವನಿಯ ಕ್ಯಾಸೆಟ್ಟುಗಳು, 1990ರ ನಾಗಾಭರಣರ ಚಿತ್ರ ಶರೀಫರನ್ನು ಮನೆಮನೆಗೆ ಮುಟ್ಟಿಸಿದವು. ಒಳ್ಳೆಯದೇ ಆಯಿತು. ಆದರೆ ಶರೀಫರು ರಿವಾಯತ್ ಪದಗಳನ್ನೂ ಕಟ್ಟಿದ್ದರು ಎಂಬುದು ಆ ಹತ್ತು ಹಾಡು ಬಾಯಿಪಾಠ ಇರುವ ಎಷ್ಟು ಜನಕ್ಕೆ ಗೊತ್ತು? ನಮ್ಮ ಮಗ್ಗುಲಿನ ಜೇವರ್ಗಿ ಸೀಮೆಯ ಚನ್ನೂರ ಜಲಾಲಸಾಹೇಬರು, ಅವರ ಗುರು ಕಡಕೋಳ ಮಡಿವಾಳಪ್ಪನವರು ಭಜನೆಯ ಮನೆಗಳಲ್ಲಿ ಇದ್ದಾರೆ, ಬೆಂಗಳೂರಿನ ವೇದಿಕೆಗಳಲ್ಲಿ ಅಪರೂಪ. ಪದ ಕಳಪೆ ಎಂದಲ್ಲ. ಅವರಿಗೊಬ್ಬ ಅಶ್ವತ್ಥ್ ಸಿಗಲಿಲ್ಲ, ಅಷ್ಟೇ. ಮಾರ್ಲಿಯನ್ನು ಕೇಳಿ ರೆಗೆ ಮುಗಿಯಿತು ಎನ್ನುವವನಿಗೂ ಹತ್ತು ಹಾಡು ಕೇಳಿ ತತ್ವಪದ ಮುಗಿಯಿತು ಎನ್ನುವವನಿಗೂ ಏನು ವ್ಯತ್ಯಾಸ?

ಈಗ ಕ್ಯಾಸೆಟ್ಟಿನ ಮಾತು. ಎಂಬತ್ತು-ತೊಂಬತ್ತರ ದಶಕಗಳಲ್ಲಿ ಟೂ-ಇನ್-ಒನ್ ಇದ್ದ ಪ್ರತಿ ಮೇಳದ ಮನೆಯೂ ಒಂದು ರೆಕಾರ್ಡಿಂಗ್ ಕಂಪನಿಯಾಗಿತ್ತು. ಖಾಲಿ ಕ್ಯಾಸೆಟ್ಟಿಗೆ ದುಡ್ಡಿಲ್ಲದವರು ಸಿನೆಮಾ ಕ್ಯಾಸೆಟ್ಟಿನ ಮೇಲಂಚಿನ ತೂತಿಗೆ ಕಾಗದ ತುರುಕಿ, ಅದರ ಮೇಲೆಯೇ ಮೊಹರಂ ರಾತ್ರಿಯನ್ನು ತುಂಬಿಕೊಳ್ಳುತ್ತಿದ್ದರು. ಸುರಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಇಂಥ ಒಂದು ಟ್ರಂಕು ಇದೆಯೆಂದು ಕೇಳಿ ನಾವು ಹೋದೆವು. ಮೇಳದ ಹಿರಿಯರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗ ತಲೆ ಕೆರೆದುಕೊಂಡ. 'ಯಾರ ಕೇಳ್ತಾರ್ರೀ ಈಗ? ಗುಜರಿಯವ ಬಂದಿದ್ದ, ತೂಕದ ಮ್ಯಾಲ ಕೊಟ್ಟಬಿಟ್ಟೆ' ಎಂದ. ಅವನ ತಾಯಿ ಒಳಗಿನಿಂದ ಏಳು ಕ್ಯಾಸೆಟ್ಟು ತಂದು ನಮ್ಮ ಮುಂದಿಟ್ಟರು. ಗಂಡನ ದನಿ ಇದೆಯೆಂದು ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರಂತೆ. 'ಕೇಳಿ ವಾಪಸ್ ಕೊಡ್ರೆಪ್ಪ' ಎಂದರು. ಕೊಟ್ಟಿದ್ದೇವೆ, ನಕಲು ಮಾಡಿಕೊಂಡು.

ಆ ತಾಯಿಯ ಮುಂದೆ ನಮಗೂ ನಾಚಿಕೆಯಾಯಿತು ಎನ್ನಬೇಕು. ಬರುವಾಗ ಆಕೆ ತಾನಾಗಿ ಎರಡು ನುಡಿ ಅಂದರು, ಕರ್ಬಲದ ತೊಟ್ಟಿಲ ಪದ. ನಮ್ಮ ಕೈಯಲ್ಲಿ ರೆಕಾರ್ಡರ್ ಇತ್ತು, ಚಾಲೂ ಮಾಡಿರಲಿಲ್ಲ. ಹೋಟೆಲು, ದರ್ಗಾ, ಅಲಾಯಿ ಕಟ್ಟೆ ಎಂದು ತಿರುಗುವ ನಾವು ಹುಡುಕಿದ್ದೆಲ್ಲ ಗಂಡಸರ ದನಿ. ಅಡಿಗೆ ಮನೆಯಲ್ಲಿ, ಬೀಸುವ ಕಲ್ಲಿನ ಮುಂದೆ ಹಾಡಿದವರನ್ನು ಯಾವ ಟೂ-ಇನ್-ಒನ್ನೂ ಹಿಡಿಯಲಿಲ್ಲ. ಮಿತ್ರರ 'ಇಷ್ಟೇ' ಎಂಬ ಮಾತಿಗೆ ಸಿಟ್ಟಾಗುವ ನಮ್ಮ ಸಂಗ್ರಹವೂ ಒಂದು ಬಗೆಯ 'ಇಷ್ಟೇ' ಆಗಿತ್ತು. ಈಗ ನಮ್ಮ ಗೆಳೆಯರ ಮನೆಯ ಹೆಣ್ಣುಮಕ್ಕಳು ಆ ಕೆಲಸ ಕೈಗೆತ್ತಿಕೊಂಡಿದ್ದಾರೆ. ನಾವು ಬಾಗಿಲ ಹೊರಗೆ ಕೂಡುತ್ತೇವೆ.

ಏಳರಲ್ಲಿ ಒಂದು ಕ್ಯಾಸೆಟ್ಟಿನ ಮೇಲೆ ಏನೂ ಬರೆದಿಲ್ಲ. ಪದ ಮುಗಿದ ಮೇಲೆ ಅಡಿಯಿಂದ 1990ರ 'ಆಶಿಕಿ' ಚಿತ್ರದ ಹಾಡು ಏಳುತ್ತದೆ. ಹಾಗಾಗಿ ಅದಕ್ಕಿಂತ ಹಿಂದಿನದಲ್ಲ. ಪದದ ಹಿಂದೆ ತಗಡಿನ ಮೇಲೆ ಮಳೆ ಬೀಳುವ ಸದ್ದು, ಕಪ್ಪೆಗಳ ಕೂಗು. ಮೊಹರಂ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ: ಆಶುರಾ 1992ರಲ್ಲಿ ಜುಲೈಗೆ ಬಿತ್ತು, 1998ರ ಹೊತ್ತಿಗೆ ಮೇ ತಿಂಗಳ ಸುಡುಬಿಸಿಲಿಗೆ ಬಂದಿತ್ತು. ಆದ್ದರಿಂದ ಇದು 1990ರಿಂದ 1995ರ ನಡುವಿನ ಒಂದು ರಾತ್ರಿಯಿರಬೇಕು. ಹಾಡಿದಾತ ಆ ಮನೆಯವರಲ್ಲ, ಬೇರೆ ಊರಿಂದ ಬಂದು ಜವಾಬು ಕೊಟ್ಟವನು. ಅಂಥ ದನಿ ನಾವು ಈ ಸೀಮೆಯಲ್ಲಿ ಮತ್ತೆ ಕೇಳಿಲ್ಲ. ಕೊನೆಯ ನುಡಿಯಲ್ಲಿ ಗುರುವಿನ ಹೆಸರು ಹೇಳಿ ಊರಿನ ಹೆಸರಿಗೆ ಬರುವಷ್ಟರಲ್ಲಿ ಟೇಪು ಮಡಿಚಿಕೊಂಡಿದೆ. ಧಾಟಿ ಮಾತ್ರ ಸ್ಪಷ್ಟವಾಗಿದೆ. ಅದನ್ನು ಮೊಬೈಲಿನಲ್ಲೇ ತುಂಬಿಕೊಂಡು ಸಗರ, ಗೋಗಿ, ರಂಗಂಪೇಟೆ, ವಡಗೇರಾಗಳಲ್ಲಿ ವಯಸ್ಸಾದವರ ಕಿವಿಗೆ ಹಿಡಿಯುತ್ತಿದ್ದೇವೆ. ಹೋದ ವಾರ ಗೋಗಿಯಲ್ಲಿ ಒಬ್ಬರು ಕಣ್ಣು ಮುಚ್ಚಿ ಪೂರ್ತಿ ಕೇಳಿ, 'ಇದು ಹೊಳಿ ಆಚಿ ದಂಡಿ ಧಾಟಿ, ಕೃಷ್ಣಾ ದಾಟಿ ಹೋಗಿ ಕೇಳ್ರಿ' ಎಂದಿದ್ದಾರೆ.