ಎಲೆಕ್ಟ್ರಿಕಲ್ ಬೇಡ ಎನ್ನುವವರಿಗೆ ಒಂದು ಪ್ರತ್ಯುತ್ತರ

ಸಿಇಟಿ ರ್‍ಯಾಂಕ್ ಬಂದು ಆಪ್ಷನ್ ಎಂಟ್ರಿ ಶುರುವಾಗುವ ಹೊತ್ತಿಗೆ ಮನೆಮನೆಯಲ್ಲೂ ಸಲಹೆಗಾರರು ಹುಟ್ಟಿಕೊಳ್ಳುತ್ತಾರೆ. ವಿದ್ಯುತ್ ಕ್ಷೇತ್ರದಲ್ಲೇ ಕೆಲಸ ಮಾಡಬೇಕು ಎನ್ನುವ ಹುಡುಗನಿಗೋ ಹುಡುಗಿಗೋ ಅವರು ಹೇಳುವುದು ಇಷ್ಟು: ಕಂಪ್ಯೂಟರ್ ಸೈನ್ಸ್ ತಗೋ, ಸಿಗದಿದ್ದರೆ ಹೆಸರಿನಲ್ಲೇ ನವೀಕರಿಸಬಹುದಾದ ಇಂಧನ ಎಂದಿರುವ ಹೊಸ ಕೋರ್ಸ್ ತಗೋ, ಇಇಇ (ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್) ಮಾತ್ರ ಬೇಡ. ಈ ಸಲಹೆಯ ಹಿಂದಿನ ವಾದಗಳನ್ನು ಇಲ್ಲಿ ಒಂದೊಂದಾಗಿ ಪರೀಕ್ಷೆಗೆ ಒಡ್ಡುತ್ತೇನೆ. ತೀರ್ಪು ಓದುಗರದು.

ಮೊದಲ ವಾದ: ಇವತ್ತು ಗ್ರಿಡ್ ನಡೆಯುವುದೇ ಸಾಫ್ಟ್‌ವೇರಿನಿಂದ, ಹಾಗಾಗಿ ಸಾಫ್ಟ್‌ವೇರ್ ಬಲ್ಲವರಿಗೇ ಅಲ್ಲಿ ಮೊದಲ ಮಣೆ. ಅರ್ಧ ನಿಜ. ಈಗಿನ ಸಬ್‌ಸ್ಟೇಷನ್ನಿನ ರಿಲೇ ಒಂದು ಪುಟ್ಟ ಕಂಪ್ಯೂಟರೇ. ಲೈನಿನ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ, ದೋಷ ಎಷ್ಟು ದೂರದಲ್ಲಿದೆಯೆಂದು ಲೆಕ್ಕ ಹಾಕಿ, ಲೈನ್ ಕಡಿಯುವಂತೆ ಬ್ರೇಕರ್‌ಗೆ ಆದೇಶ ಕೊಡುತ್ತದೆ. 2012ರ ಜುಲೈ 30ರ ನಡುರಾತ್ರಿ ದಾಟಿದ ಮೇಲೆ ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ 400 ಕೆವಿ ಲೈನನ್ನು ಕಡಿದು ಹಾಕಿದ್ದು ಇಂಥದೇ ಲೆಕ್ಕ. ಲೈನಿನಲ್ಲಿ ಯಾವ ದೋಷವೂ ಇರಲಿಲ್ಲ. ಹೊರೆ ಮಿತಿಮೀರಿತ್ತು, ಅಷ್ಟೆ. ಆದರೆ ಭಾಗಾಕಾರದ ಉತ್ತರ ದೂರದಲ್ಲೆಲ್ಲೋ ದೋಷವಿದ್ದಾಗ ಬರುವ ಸಂಖ್ಯೆಯೊಳಗೆ ಬಂದು ಬಿತ್ತು. ಲೈನ್ ಟ್ರಿಪ್ ಆಯಿತು, ಅದರ ಬೆನ್ನಿಗೆ ಉತ್ತರ ಭಾರತದ ಗ್ರಿಡ್ ಕುಸಿಯಿತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಮೂರೂ ಬಿದ್ದವು. ಸುಮಾರು 60 ಕೋಟಿ ಜನರಿರುವ ರಾಜ್ಯಗಳಿಗೆ ಅದರ ಏಟು ತಟ್ಟಿತು. ರಿಲೇಯ ಗಣಿತದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ವಿಪರೀತ ಹೊರೆಯೂ ದೋಷದ ವೇಷ ಹಾಕಬಲ್ಲದು ಎಂದು ಅರಿತು ಸೆಟ್ಟಿಂಗ್ ಇಡುವ ವಿದ್ಯೆ ಬೇರೆ. ಅದನ್ನು ಕಲಿಸುವುದು ಇಇಇ ಪಠ್ಯದ ಪವರ್ ಸಿಸ್ಟಮ್ ಪ್ರೊಟೆಕ್ಷನ್. ಅಂದು ದಕ್ಷಿಣದ ಗ್ರಿಡ್ ಉಳಿದುಕೊಂಡದ್ದು ಅದು ಉಳಿದವುಗಳ ಜೊತೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ ಎಂಬ ಕಾರಣಕ್ಕೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ ನಾವೂ ಅದೇ ಗ್ರಿಡ್ಡಿಗೆ ಸೇರಿದ್ದೇವೆ. ಮಧ್ಯಪ್ರದೇಶದ ಒಂದು ರಿಲೇಯ ಸೆಟ್ಟಿಂಗ್ ಈಗ ದಾವಣಗೆರೆಯ ಸಂಸಾರಕ್ಕೂ ಸಂಬಂಧಪಟ್ಟ ವಿಷಯ.

ಇಲ್ಲಿ ಸಿಕ್ಕಿಬಿದ್ದ ಮೇಲೆ ಅವರು ಒಂದು ಹೆಜ್ಜೆ ಹಿಂದೆ ಸರಿದು ಹೇಳುತ್ತಾರೆ: ಹೋಗಲಿ, ಬಿಸಿಲು–ಗಾಳಿಯ ಮುನ್ಸೂಚನೆ, ವಿದ್ಯುತ್ ಖರೀದಿ–ಮಾರಾಟ, ಇದೆಲ್ಲ ಡೇಟಾದ ಕೆಲಸ ತಾನೆ? ಹೌದು. ದಿನವನ್ನು ಹದಿನೈದು ನಿಮಿಷಗಳ 96 ತುಂಡು ಮಾಡಿ, ಪ್ರತಿ ತುಂಡಿಗೂ ಇಷ್ಟು ವಿದ್ಯುತ್ ಎಂದು ಮೊದಲೇ ಹೇಳಬೇಕಾದ ವ್ಯವಸ್ಥೆಯಲ್ಲಿ ಪ್ರೋಗ್ರಾಮ್ ಬರೆಯುವವರು ಬೇಕೇ ಬೇಕು. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಅಲ್ಲಿ ಜಾಗವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಇಇ ವಿದ್ಯಾರ್ಥಿ ಪೈಥಾನನ್ನು ಹಾಸ್ಟೆಲ್ ರೂಮಿನಲ್ಲಿ ಕುಳಿತು ಕಲಿಯಬಹುದು. ಮೆಷಿನ್ಸ್ ಲ್ಯಾಬನ್ನು ಯಾರೂ ಹಾಸ್ಟೆಲ್ ರೂಮಿಗೆ ತರಲಾರರು. ಆ ಲ್ಯಾಬಿನಲ್ಲಿ ಆಲ್ಟರ್ನೇಟರನ್ನು ಸಪ್ಲೈ ಲೈನಿಗೆ ಸೇರಿಸುವ ಪ್ರಯೋಗವೊಂದಿದೆ. ಮೂರು ಬಲ್ಬುಗಳು ಒಟ್ಟಿಗೆ ಉರಿದು ಒಟ್ಟಿಗೆ ಮಂಕಾಗುತ್ತಿರುತ್ತವೆ. ವೇಗ ಹೊಂದಿಸುತ್ತಾ ಹೋದಂತೆ ಆ ಏರಿಳಿತ ನಿಧಾನವಾಗುತ್ತದೆ, ಮೂರೂ ಪೂರ್ತಿ ಆರಿದ ಗಳಿಗೆಯಲ್ಲಿ ಸ್ವಿಚ್ ಹಾಕಬೇಕು. ತಪ್ಪು ಗಳಿಗೆಯಲ್ಲಿ ಹಾಕಿದರೆ ಯಂತ್ರ ಹೇಗೆ ಒದರುತ್ತದೆ ಎಂಬುದನ್ನು ಕಿವಿಯಾರೆ ಕೇಳಿದವರಿಗೆ 50 ಹರ್ಟ್ಸ್ ಎಂಬುದು ಬರೀ ಸಂಖ್ಯೆಯಾಗಿ ಉಳಿಯುವುದಿಲ್ಲ. ಶರಾವತಿಯಲ್ಲಿ ಯಂತ್ರಗಳನ್ನು ಗ್ರಿಡ್ಡಿಗೆ ಸೇರಿಸುವುದೂ ಇದೇ ನಿಯಮದ ಮೇಲೆ.

ಎರಡನೆಯದು: ಕಲ್ಲಿದ್ದಲಿನ ಕಾಲ ಮುಗಿಯಿತು, ಅದರ ಜೊತೆ ಎಲೆಕ್ಟ್ರಿಕಲ್ ಎಂಜಿನಿಯರನ ಕಾಲವೂ ಮುಗಿಯಿತು. ಕಲ್ಲಿದ್ದಲು ಸುಡುವುದಕ್ಕೂ ಎಲೆಕ್ಟ್ರಿಕಲ್ ಓದುವುದಕ್ಕೂ ಇವರು ಹಾಕಿದ ಗಂಟು ಯಾವುದು? ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಅಲ್ಲಿನ ಫಲಕಗಳು ಕೊಡುವುದು ಡಿಸಿ. ಅದನ್ನು ಎಸಿ ಮಾಡಲು ಇನ್ವರ್ಟರ್, ಮೇಲೇರಿಸಲು ಟ್ರಾನ್ಸ್‌ಫಾರ್ಮರ್, ಸಾಗಿಸಲು ಲೈನು, ಕಾಯಲು ರಿಲೇ ಬೇಕು. ಹೊತ್ತು ಮುಳುಗಿ ಸೌರ ವಿದ್ಯುತ್ ನಿಂತ ಕೂಡಲೇ ಆ ಕೊರತೆ ತುಂಬಲು ಜಲವಿದ್ಯುತ್ ಯಂತ್ರಗಳು ಏಳಬೇಕು. ಇದರಲ್ಲಿ ಎಲೆಕ್ಟ್ರಿಕಲ್ ಅಲ್ಲದ ಕೊಂಡಿಯನ್ನು ಅವರೇ ತೋರಿಸಲಿ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಲ್ಲಿ ಮುಳುಗಿದ್ದು ಇಂಧನದ ಕೊರತೆಯಿಂದಲ್ಲ. ವೋಲ್ಟೇಜ್ ಹತೋಟಿ ಮೀರಿ ಏರಿ, ಉತ್ಪಾದನಾ ಘಟಕಗಳು ಒಂದರ ಹಿಂದೊಂದು ಕಳಚಿಕೊಂಡದ್ದರಿಂದ. ಸೌರ–ಪವನ ಹೆಚ್ಚಿದಷ್ಟೂ ವೋಲ್ಟೇಜ್ ಹಿಡಿದಿಡುವ ಕೆಲಸ ಬಿಗಿಯಾಗುತ್ತದೆ.

ಮೂರನೆಯದು ಮೇಲ್ನೋಟಕ್ಕೆ ತುಂಬ ಸಮಂಜಸ: ಭವಿಷ್ಯ ನವೀಕರಿಸಬಹುದಾದ ಇಂಧನದ್ದಾದರೆ, ಪದವಿಯ ಹೆಸರಿನಲ್ಲೇ ಅದಿದ್ದರೆ ಒಳ್ಳೆಯದಲ್ಲವೇ? ನೇಮಕ ಮಾಡುವವರು ಏನು ಕೇಳುತ್ತಾರೆಂದು ನೋಡಿ. 2022ರ ಕೆಪಿಟಿಸಿಎಲ್ ಅಧಿಸೂಚನೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ಎರಡೇ ಬಗೆಯದು: ವಿದ್ಯುತ್ ವಿಭಾಗದಲ್ಲಿ 505, ಸಿವಿಲ್‌ನಲ್ಲಿ 28. ಹೊಸ ಹೆಸರಿನ ಪದವಿ ಹಿಡಿದು ಬಂದವರು ಮೊದಲು ತಮ್ಮ ಪದವಿ ಎಲೆಕ್ಟ್ರಿಕಲ್‌ಗೆ ಸಮಾನ ಎಂದು ಸಾಬೀತುಪಡಿಸುವ ಓಡಾಟಕ್ಕೆ ಬೀಳಬೇಕು. ತಳಹದಿಯ ಪದವಿ ಮುಗಿಸಿ, ಎಂಟೆಕ್‌ನಲ್ಲಿ ಸೌರವನ್ನೋ ಬ್ಯಾಟರಿಯನ್ನೋ ಆರಿಸಿಕೊಳ್ಳುವ ದಾರಿ ಮುಕ್ತವಾಗಿದೆ. ಹದಿನೆಂಟನೇ ವಯಸ್ಸಿಗೇ ಅದನ್ನು ಕಿರಿದು ಮಾಡಿಕೊಳ್ಳುವುದೇಕೆ? ಇಇಇ ಒಂದೇ ದಾರಿ ಎಂದೂ ನಾನು ಹೇಳುತ್ತಿಲ್ಲ. ಟರ್ಬೈನ್, ಬಾಯ್ಲರ್ ಇಷ್ಟವಿದ್ದರೆ ಮೆಕ್ಯಾನಿಕಲ್, ಅಣೆಕಟ್ಟು ಟವರ್ ಆದರೆ ಸಿವಿಲ್, ರಿಫೈನರಿ ಮತ್ತು ಬ್ಯಾಟರಿಯ ಒಳಗಿನ ರಸಾಯನಕ್ಕೆ ಕೆಮಿಕಲ್.

ನಾಲ್ಕನೆಯದು ಸಂಬಳದ ವಾದ. ದೊಡ್ಡ ಕಂಪನಿಗಳು ಕಂಪ್ಯೂಟರ್ ಸೈನ್ಸ್‌ನವರಿಗೆ ಮೊದಲ ವರ್ಷವೇ ಹೆಚ್ಚು ಕೊಡುತ್ತವೆ ಎಂಬುದು ನಿಜ. ಆದರೆ ಮಗು ಕೇಳಿದ ಪ್ರಶ್ನೆ ಯಾವುದು? ವಿದ್ಯುತ್ ಕ್ಷೇತ್ರಕ್ಕೆ ಏನು ಓದಲಿ ಎಂದು. ಇವರು ಉತ್ತರಿಸಿದ್ದು ಯಾವ ಕ್ಷೇತ್ರದಲ್ಲಿ ಹಣ ಹೆಚ್ಚು ಎಂಬ ಪ್ರಶ್ನೆಗೆ. ಪ್ರಶ್ನೆಯನ್ನೇ ಬದಲಿಸಿದ ಮೇಲೆ ಯಾವ ಉತ್ತರವೂ ಸರಿಯಾಗಿ ಕಾಣುತ್ತದೆ. ಇದೇ ಜನ ‘ಬ್ರಾಂಚ್ ಮುಖ್ಯವಲ್ಲ, ಕೌಶಲ ಮುಖ್ಯ’ ಎಂದೂ ಹೇಳುತ್ತಾರೆ. ಬ್ರಾಂಚ್ ಮುಖ್ಯವಲ್ಲದಿದ್ದರೆ ಲಕ್ಷಾಂತರ ರೂಪಾಯಿ ಕೊಟ್ಟು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಅದೇ ಒಂದು ಬ್ರಾಂಚ್ ಕೊಡಿಸುವುದು ಯಾತಕ್ಕೆ?

ಕೊನೆಯದನ್ನು ಗಟ್ಟಿಯಾಗಿ ಹೇಳುವವರು ಕಡಿಮೆ, ಮನೆಯೊಳಗೆ ಹೇಳುವವರು ಬಹಳ: ಹೆಣ್ಣುಮಗಳಿಗೆ ಎಲೆಕ್ಟ್ರಿಕಲ್ ಯಾಕೆ, ಕಂಬ ಹತ್ತಬೇಕಾ? ಕಂಬ ಹತ್ತುವುದು ಪವರ್‌ಮ್ಯಾನ್ ಹುದ್ದೆಯ ಕೆಲಸ; ಅದಕ್ಕೆ ನೇಮಕಾತಿಯೇ ಬೇರೆ, ಎಸ್ಸೆಸ್ಸೆಲ್ಸಿ ಸಾಕು. ಎಂಜಿನಿಯರಿಗೆ ವಿನ್ಯಾಸ, ರಿಲೇ ಪರೀಕ್ಷೆ, ಲೋಡ್ ಡಿಸ್ಪ್ಯಾಚ್, ಟೆಂಡರ್, ಮೀಟರಿಂಗ್ ಹೀಗೆ ಹತ್ತಾರು ಕೆಲಸಗಳಿವೆ. ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ರಾತ್ರಿ ಪಾಳಿ ಇರುವುದು ನಿಜ. ಮಗಳನ್ನು ವೈಟ್‌ಫೀಲ್ಡಿನ ಐಟಿ ಕಂಪನಿಯ ರಾತ್ರಿ ಪಾಳಿಗೆ ಕಳಿಸಲು ಒಪ್ಪುವ ಮನೆಯವರು ಈ ಪಾಳಿಯನ್ನು ಮಾತ್ರ ಅಡ್ಡಿಯಾಗಿ ತೋರಿಸುವಂತಿಲ್ಲ. ಅವಳಿಗೆ ಮೆಷಿನ್ಸ್ ಲ್ಯಾಬಿನ ಬಗ್ಗೆ ಆಸಕ್ತಿ ಇದೆಯೇ ಎಂದು ಅವಳನ್ನೇ ಕೇಳಿ, ಇದೆ ಎಂದರೆ ಆಪ್ಷನ್ ಪಟ್ಟಿಯಲ್ಲಿ ಇಇಇಯನ್ನು ಮೇಲಿಡಲಿ.