ನೆಲ ಎದ್ದಿತು, ಮಾರಿದವರು ಏಳಲಿಲ್ಲ

ಪಾಂಡವಪುರ ತಾಲ್ಲೂಕು, ನಾಲೆ ಬಯಲಿನ ಒಂದು ಊರು. ಬೇಸಿಗೆಯಲ್ಲಿ ಗೃಹಪ್ರವೇಶವಾದ ಹೊಸ ಮನೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನ ಆಸೆಯಂತೆ ಹಾಲ್‌ಗೂ ಎರಡು ರೂಮಿಗೂ ಬಿದಿರಿನ ಫ್ಲೋರಿಂಗ್ ಹಾಕಿಸಿದರು. ಅರ್ಧ ಹಣ ಮಗನದು, ಇನ್ನರ್ಧ ಅಪ್ಪನ ಕಬ್ಬಿನ ಬಿಲ್ಲು.

ನಾಲೆಗೆ ನೀರು ಬಿಟ್ಟು ಎರಡು ತಿಂಗಳಾಗಿರಲಿಲ್ಲ, ಒಂದು ಬೆಳಿಗ್ಗೆ ರೂಮಿನ ಬಾಗಿಲು ತೆರೆಯಲೇ ಇಲ್ಲ. ಬಾಗಿಲಿಗೆ ಏನೂ ಆಗಿರಲಿಲ್ಲ. ಎದ್ದಿದ್ದು ನೆಲ. ಹಾಲ್ ನಡುವೆ ಹಲಗೆಗಳು ಒಂದಕ್ಕೊಂದು ಗುದ್ದಿಕೊಂಡು ಗುಡಾರದ ಹಾಗೆ ಮೇಲೆದ್ದಿದ್ದವು. ಕಾಲಿಟ್ಟರೆ ಟೊಳ್ಳು ಸದ್ದು, ಮೂಲೆಯಲ್ಲಿ ಬೂಷ್ಟಿನ ವಾಸನೆ.

ಅಂಗಡಿಗೆ ಫೋನ್ ಮಾಡಿದರೆ ಬಂದ ಉತ್ತರ ಒಂದೇ ಸಾಲು: “ನೀವು ನೀರು ಹಾಕಿ ಒರೆಸಿದ್ದೀರಿ, ವಾರಂಟಿ ಬರಲ್ಲ.”

ಮನೆಯ ಹಿರಿಯಮ್ಮ ನಮ್ಮೆದುರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ನಾನೇ ಕೆಡುಸ್ಬುಟ್ನೇನೋ ಅಂತ ಆಗದೆ ಕಣಪ್ಪ. ಹಬ್ಬ ಅಂತ ಒಂದ್ಸಲ ಒದ್ದೆ ಬಟ್ಟೇಲಿ ಒರಸ್ದೆ, ಅಷ್ಟೇಯ.”

ಆ ಅಮ್ಮನ ಮಾತು ಕೇಳಿದ ಮೇಲೆ ಇದನ್ನು ಬರೆಯದೆ ಇರಲು ನಮಗೆ ಆಗಲಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಸುದ್ದಿಗಾಗಿ ಓಡಾಡುವ ನಾವು ಇದೇ ಉತ್ತರವನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇವೆ. ನಮ್ಮ ಮಾತು ನೇರವಾಗಿದೆ: ತಪ್ಪು ಬಿದಿರಿನದಲ್ಲ, ಒರೆಸಿದ ಅಮ್ಮನದಂತೂ ಅಲ್ಲ. ನೆಲದಡಿಯ ತೇವ ಎಷ್ಟಿದೆ ಎಂದು ನೋಡದೆ ಹಲಗೆ ಹಾಸಿ ಹೋದವರದು.

ತೇಲುವ ನೆಲ ಅಂದರೇನು

ಇದನ್ನು ‘ಫ್ಲೋಟಿಂಗ್’ ಎನ್ನುತ್ತಾರೆ. ಹಲಗೆಯನ್ನು ಕಾಂಕ್ರೀಟಿಗೆ ಅಂಟಿಸುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಕೆಳಗೆ ತೆಳು ಫೋಮ್ ಹಾಸಿ, ಹಲಗೆಯ ಅಂಚುಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೂರಿಸುತ್ತಾರೆ. ಇಡೀ ನೆಲ ಒಂದೇ ಚಾಪೆಯ ಹಾಗೆ ಮೇಲೆ ಕೂತಿರುತ್ತದೆ. ಚಾಪೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೇ ನಾಲ್ಕೂ ಗೋಡೆಯ ಬುಡದಲ್ಲಿ ಸುಮಾರು 10 ಮಿಲಿಮೀಟರ್ ಜಾಗ ಬಿಟ್ಟು, ಅದರ ಮೇಲೆ ಸ್ಕರ್ಟಿಂಗ್ ಪಟ್ಟಿ ಮುಚ್ಚಬೇಕು. ಆ ಜಾಗ ಬಿಡದಿದ್ದರೆ ಹಿಗ್ಗಿದ ಹಲಗೆಗೆ ಹೋಗಲು ದಾರಿ ಇರುವುದಿಲ್ಲ, ಮೇಲಕ್ಕೇ ಏಳುತ್ತದೆ. ಪಾಂಡವಪುರದ ಆ ಹಾಲ್‌ನಲ್ಲಿ ಸ್ಕರ್ಟಿಂಗ್ ಕಿತ್ತು ನೋಡಿದೆವು. ಹಲಗೆ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬೆರಳಿರಲಿ, ಬ್ಲೇಡ್ ಕೂಡ ತೂರುತ್ತಿರಲಿಲ್ಲ.

ಬಿದಿರು ಮರವಲ್ಲ, ಹುಲ್ಲಿನ ಜಾತಿ. ತೇವ ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಇದನ್ನು ನಮ್ಮೂರಿನ ಮೇದರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹುಳ ಹಿಡಿಯದಿರಲಿ ಎಂದು ಬಿದಿರನ್ನು ನೀರಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಆಮೇಲೆ ಸೀಳುವುದು ಅವರ ಪದ್ಧತಿ. ರೇಷ್ಮೆ ಸಾಕುವವರ ಚಂದ್ರಿಕೆಯಿಂದ ಹಿಡಿದು ರಾಗಿ ಕೇರುವ ಮೊರದವರೆಗೆ ಬಿದಿರಿನ ಗುಣ ತಿಳಿದೇ ಹೆಣೆದಿದ್ದಾರೆ. ಸಾಲಾಗಿ ಟೈ ಕಟ್ಟಿಕೊಂಡು ನಿಂತ ಶೋರೂಮಿನವರಿಗೆ ಇಷ್ಟೂ ಗೊತ್ತಿಲ್ಲ ಅಂದರೆ ನಂಬಲು ಕಷ್ಟ. ಗೊತ್ತಿದ್ದೂ ಹೇಳಲಿಲ್ಲ ಅಂದರೆ ಅದು ಮೋಸ.

ನಮ್ಮ ನೆಲ ಬೇರೆ

ಬೆಂಗಳೂರಿನ ಎಂಟನೇ ಮಹಡಿಯ ಫ್ಲ್ಯಾಟಿಗೂ ಶ್ರೀರಂಗಪಟ್ಟಣದ ಗದ್ದೆ ಬದುವಿನ ಮನೆಗೂ ವ್ಯತ್ಯಾಸವಿದೆ. ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ, ವಿಶ್ವೇಶ್ವರಯ್ಯ ನಾಲೆ ಇವೆಲ್ಲ ಹರಿಯುವ ಬಯಲಿದು. ನಾಲೆಗೆ ನೀರು ಬಿಟ್ಟು ಭತ್ತದ ಗದ್ದೆ ತುಂಬಿತೆಂದರೆ ಬಾವಿಯ ನೀರೂ ಮೇಲೇರುತ್ತದೆ, ಮನೆಯ ಗೋಡೆಯ ಬುಡದಲ್ಲೂ ತೇವ ಏರುತ್ತದೆ. ಗೋಡೆಯ ಬಣ್ಣ ಉಬ್ಬಿ ಪುಡಿ ಉದುರುವುದನ್ನು ನೋಡದವರು ಇಲ್ಲಿ ಯಾರಿದ್ದಾರೆ?

ಕಾವೇರಿ ಪಕ್ಕದಲ್ಲೇ ಮರದ ಕಟ್ಟಡ ನಿಲ್ಲಿಸಿದವರೂ ನಮ್ಮಲ್ಲಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರಲ್ಲಿ ಕಟ್ಟಿದ್ದು, ಅದರಲ್ಲಿ ತೇಗದ್ದೇ ದೊಡ್ಡ ಪಾಲು. ಅದನ್ನು ನೆಲಕ್ಕೆ ತಾಗಿಸಿ ಕಟ್ಟಲಿಲ್ಲ, ಎತ್ತರದ ಜಗಲಿಯ ಮೇಲೆ ಕೂರಿಸಿದರು, ಸುತ್ತ ಗಾಳಿಗೆ ಬಿಟ್ಟರು. ನೀರಿನ ನೆರೆಯಲ್ಲಿ ಮರ ಇಡುವವರು ಮೊದಲು ನೆಲ ನೋಡುತ್ತಾರೆ.

ಈಗ ನಮ್ಮ ಗೃಹಪ್ರವೇಶದ ಲೆಕ್ಕ ನೋಡಿ. ಮುಹೂರ್ತ ಬೇಸಿಗೆಗೆ. ಅದಕ್ಕೆ ಒಂದೂವರೆ ತಿಂಗಳ ಮುಂಚೆ ಬೆಡ್ ಕಾಂಕ್ರೀಟ್. ಅದಕ್ಕೆ ವಾರಗಟ್ಟಲೆ ನೀರು ಕಟ್ಟಿ ಕ್ಯೂರಿಂಗ್. ಕಾಂಕ್ರೀಟ್ ಒಣಗಲು ದಪ್ಪ ಒಂದು ಇಂಚಿಗೆ ಸುಮಾರು ಒಂದು ತಿಂಗಳು ಬೇಕು ಎಂಬುದು ಫ್ಲೋರಿಂಗ್ ಕೆಲಸದವರದೇ ಲೆಕ್ಕ. ನಾಲ್ಕು ಇಂಚಿನ ಬೆಡ್ಡಿಗೆ ನಾಲ್ಕು ತಿಂಗಳು. ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ. ಅದರ ಮೇಲೆ ಹಲಗೆ ಮುಚ್ಚಿದರೆ ಆ ನೀರೆಲ್ಲ ಬಿದಿರಿಗೇ ಹೋಗುತ್ತದೆ. ಆಮೇಲೆ ನಾಲೆಗೆ ನೀರು ಬರುತ್ತದೆ. ಎರಡೂ ಕಡೆಯ ಏಟು.

ನಾಗಮಂಗಲದಲ್ಲಿ ಕಥೆ ತಿರುಗುಮುರುಗು. ಅಲ್ಲಿನದು ಹೆಚ್ಚಾಗಿ ಮಳೆ ನಂಬಿದ ಒಣ ಭೂಮಿ. ಮಳೆಗಾಲದಲ್ಲಿ ಹಾಸಿದ ಹಲಗೆ ಮಾರ್ಚ್ ಬಿಸಿಲಿಗೆ ಕುಗ್ಗಿ, ಸಂದಿಯಲ್ಲಿ ರಾಗಿಕಾಳು ಬೀಳುವಷ್ಟು ಬಿರುಕು ಬಿಟ್ಟಿದ್ದನ್ನು ಕಂಡೆವು. ಕೆ.ಆರ್. ಪೇಟೆ ಕಡೆ ಇನ್ನೊಂದು ಬಗೆ. ರೇಷ್ಮೆ ಹುಳುವಿಗೆ ಗಾಳಿಯಲ್ಲಿ ತೇವ ಬೇಕು. ಸಾಕಣೆ ಕೋಣೆಗೆ ಹೊಂದಿಕೊಂಡ ರೂಮಿಗೂ ಇದೇ ಹಲಗೆ ಮಾರಿದ್ದಾರೆ, ಅಂಚುಗಳೆಲ್ಲ ದೋಣಿಯ ಹಾಗೆ ಮೇಲೆದ್ದಿವೆ. ಒಂದೇ ಪೆಟ್ಟಿಗೆ, ಒಂದೇ ಭಾಷಣ, ಮೂರು ಬಗೆಯ ನೆಲ. ಮನೆ ನೋಡಿ ಮಾರುವ ವ್ಯಾಪಾರ ಇದಲ್ಲ, ಜೇಬು ನೋಡಿ ಮಾರುವುದು.

ಮೂರು ನೆಪ, ಮೂರು ಉತ್ತರ

ಒಂದು: “ನೀರು ಹಾಕಿದ್ದೀರಿ.” ಹಬ್ಬಕ್ಕೆ ಮನೆ ತೊಳೆಯುವ, ಗದ್ದೆಯಿಂದ ಒದ್ದೆ ಕಾಲಲ್ಲಿ ಬರುವ, ಕೊಟ್ಟಿಗೆಗೂ ಅಡುಗೆ ಮನೆಗೂ ಓಡಾಡುವ ಮನೆಗೆ ನೀರು ತಾಗಬಾರದ ನೆಲ ಮಾರಿದವರು ಯಾರು? ಮಾರುವಾಗ ‘ಇದನ್ನು ತೊಳೆಯುವಂತಿಲ್ಲ’ ಎಂದು ಮನೆಯ ಹೆಂಗಸರಿಗೆ ಕನ್ನಡದಲ್ಲಿ ಒಂದು ಮಾತು ಹೇಳಿದ್ದರೇ? ಸೂಚನೆಯೆಲ್ಲ ಪೆಟ್ಟಿಗೆಯೊಳಗಿನ ಇಂಗ್ಲಿಷ್ ಚೀಟಿಯಲ್ಲಿತ್ತು. ಪೆಟ್ಟಿಗೆಯನ್ನು ಕೆಲಸದವರೇ ಹರಿದು ಬಿಸಾಡಿ ಹೋದರು. ಇನ್ನೊಂದು ಮಾತು: ಹಲಗೆಯ ಅಂಚು ಎದ್ದು ನಡು ತಗ್ಗಿದ್ದರೆ ಸಾಮಾನ್ಯವಾಗಿ ತೇವ ಬಂದಿರುವುದು ಕೆಳಗಿನಿಂದ. ಗೋಡೆ ಪಕ್ಕದ ಒಂದು ಹಲಗೆ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಆ ಒಂದು ಹಲಗೆ ಎತ್ತಲು ಯಾರೂ ಬರುವುದಿಲ್ಲ.

ಎರಡು: “ಮೇಸ್ತ್ರಿ ಬೆಡ್ ಸಮ ಮಾಡಿಲ್ಲ.” ನಿಜವೇ ಇರಬಹುದು. ಹಾಗಿದ್ದರೆ ಸಮವಿಲ್ಲದ ಬೆಡ್ ಮೇಲೆ ಹಾಸಲು ಒಪ್ಪಿಕೊಂಡಿದ್ದು ಏಕೆ? ಉದ್ದ ಪಟ್ಟಿ ಇಟ್ಟು ನೋಡಲು ಐದು ನಿಮಿಷ ಸಾಕು. ಕೂಲಿ ತೆಗೆದುಕೊಂಡ ಮೇಲೆ ಹೊಣೆಯೂ ಅವರದೇ.

ಮೂರು: “ನಾವು ಬರೀ ಮಾರುವವರು, ಕಂಪನಿಯನ್ನು ಕೇಳಿ.” ನಮ್ಮ ಊರಿನ ರೈತ ಮಂಡಿಯಲ್ಲಿ ಕೊಳೆತ ಟೊಮೆಟೊ ಸುರಿದು ‘ಗಿಡವನ್ನು ಕೇಳಿ’ ಅಂದರೆ ಬಿಡುತ್ತಾರಾ?

ನಮ್ಮವರ ಕಡೆಯ ತಪ್ಪನ್ನೂ ಹೇಳಬೇಕು. ಮುಹೂರ್ತದ ಅವಸರ ನಮ್ಮದೇ. ಪಕ್ಕದ ಮನೆಗಿಂತ ಒಂದು ಕೈ ಮೇಲಿರಬೇಕೆಂಬ ಚಪಲವೂ ನಮ್ಮದೇ. ಬಿಲ್ಲಿಲ್ಲದೆ ಕೊಂಡರೆ ಸ್ವಲ್ಪ ಕಡಿಮೆಗೆ ಸಿಗುತ್ತದೆಂದು ಬಿಳಿ ಚೀಟಿಗೆ ಒಪ್ಪಿದ್ದೂ ನಾವೇ. ಆ ಚೀಟಿಯೇ ನಾಳೆ ನಮ್ಮ ಬಾಯಿ ಕಟ್ಟುತ್ತದೆ.

ಬಾಯಿ ಬಿಡಲು ದಾರಿ ಇದೆ

ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಜಾರಿಗೆ ಬಂದಿದ್ದು 2020ರ ಜುಲೈ 20ರಂದು. ಅದರ ಪ್ರಕಾರ ಮಾರಿದ ಮಾಲಿಗೆ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಮಾಲು ದೋಷದ್ದಾದರೂ ದೂರಬಹುದು, ಹಾಸಿದ ಕೆಲಸ ಸರಿಯಿಲ್ಲದಿದ್ದರೂ ದೂರಬಹುದು. ಅಂಗಡಿ ಮೈಸೂರಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಮಂಡ್ಯದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಆದರೆ ಎರಡು ವರ್ಷದೊಳಗೆ ಹೋಗಬೇಕು. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಹೋಗುವ ಮುಂಚೆ ಸಾಕ್ಷಿ ಕೂಡಿಸಿಕೊಳ್ಳಿ. ಎದ್ದ ನೆಲದ ಫೋಟೊ, ಗೋಡೆ ಬುಡದ ಫೋಟೊ, ಎತ್ತಿದ ಹಲಗೆಯ ಅಡಿಯ ಫೋಟೊ. ಹಣ ಕಳಿಸಿದ ಫೋನ್‌ಪೇ ದಾಖಲೆ, ಅಂಗಡಿಯವರ ವಾಟ್ಸ್ಆ್ಯಪ್ ಮಾತು ಅಳಿಸಬೇಡಿ. ಸಿಟ್ಟಿಗೆ ಹಲಗೆ ಕಿತ್ತು ಒಲೆಗೆ ಹಾಕಬೇಡಿ, ಸಾಕ್ಷಿ ಸುಟ್ಟಂತೆ.

ಇನ್ನೂ ಹಾಕಿಸದವರಿಗೆ ನಮ್ಮ ಮಾತು ಇಷ್ಟು. ಎರಡು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಬೆಡ್ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಒಂದೆರಡು ದಿನ ಬಿಡಿ. ತೆಗೆದಾಗ ಅಡಿಯಲ್ಲಿ ಹನಿ ಕಂಡರೆ, ಕಾಂಕ್ರೀಟ್ ಕಪ್ಪಾಗಿದ್ದರೆ ಹಲಗೆ ಬೇಡ. ಹನಿ ಕಾಣದಿದ್ದರೂ ಫೋಮ್ ಕೆಳಗೆ ದಪ್ಪ ಪ್ಲಾಸ್ಟಿಕ್ ಶೀಟ್ ಕೇಳಿ. ಪೆಟ್ಟಿಗೆಗಳನ್ನು ಹಾಸುವ ರೂಮಿನಲ್ಲೇ ಕನಿಷ್ಠ ಮೂರು ದಿನ ಇಡಿಸಿ. ‘ತೇವ ಪರೀಕ್ಷೆ ಮಾಡಿ ಹಾಸಿದ್ದೇವೆ’ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ನಾಲೆ ಬಯಲಿನ ಕೆಳಮನೆಗೆ ರೆಡ್ ಆಕ್ಸೈಡ್ ನೆಲವೋ ಟೈಲ್ಸೋ ಸಾಕು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮಾರುವವರಿಗೂ ಒಂದು ಮಾತು. ನಿಮ್ಮ ವ್ಯಾಪಾರ ನಿಲ್ಲಲಿ ಎಂದು ನಾವು ಹೇಳುತ್ತಿಲ್ಲ. ಮಾರುವ ಮುಂಚೆ ಮನೆಗೆ ಬನ್ನಿ, ಬೆಡ್ ನೋಡಿ, ಆಗದಿದ್ದರೆ ಆಗಲ್ಲ ಅನ್ನಿ. ಎದ್ದ ನೆಲವನ್ನು ಬಂದು ನೋಡಿ, ನಿಮ್ಮ ತಪ್ಪಿದ್ದರೆ ಸರಿಮಾಡಿ.

ಪಾಂಡವಪುರದ ಆ ಮನೆಯಲ್ಲಿ ಹಿರಿಯಮ್ಮ ಈಗ ಹಾಲ್ ಒರೆಸುವುದನ್ನೇ ಬಿಟ್ಟಿದ್ದಾರೆ. ಎದ್ದ ಹಲಗೆಯ ಮೇಲೆ ಗೋಣಿತಾಟು ಹಾಸಿ, ಮೊಮ್ಮಗು ಎಡವದಿರಲೆಂದು ಅಲ್ಲೇ ಕೂರುತ್ತಾರೆ. ಹೊರಡುವಾಗ ಅವರಿಗೆ ಹೇಳಿ ಬಂದೆವು: “ಅವ್ವ, ನಿಮ್ಮ ಕೈಯಿಂದ ಏನೂ ಕೆಟ್ಟಿಲ್ಲ.” ಮಗ ದೂರು ಬರೆಯುತ್ತಿದ್ದಾನೆ.