ಬಾಗಿಲಾಚೆ ಕೂತ ತಾಯಿ

ಕೆ.ಆರ್. ನಗರದ ಕಡೆಯ ಒಂದು ಬೀಗರೂಟದಲ್ಲಿ ಕೇಳಿದ ಮಾತು. ಮೂರು ವರ್ಷದ ಮಗನಿಗೆ ಆಟಿಸಂ ಇದೆ ಎಂದು ಆಗಷ್ಟೇ ತಿಳಿದಿದ್ದ ತಾಯಿಗೆ, ಮೈಸೂರಿನಲ್ಲಿ ನೆಲೆಸಿರುವ ನೆಂಟರೊಬ್ಬರು ಹೇಳುತ್ತಿದ್ದರು: “ಗದ್ದೆ ಮಾರಿ ಮೈಸೂರಲ್ಲಿ ಮನೆ ಮಾಡ್ರವ್ವ. ವಾರಕ್ಕೆ ನಲವತ್ತು ಗಂಟೆ ಥೆರಪಿ ಕೊಡಿಸ್ಬೇಕಂತೆ. ಇಲ್ಲೇ ಇದ್ರೆ ಮಗೀನ ಕತೆ ಮುಗೀತು.” ಆಕೆ ಏನೂ ಹೇಳಲಿಲ್ಲ. ಮಗನ ಬಾಯಿಗೆ ಅನ್ನ ಇಡುತ್ತಿದ್ದ ಕೈ ಮಾತ್ರ ನಡುವೆ ನಿಂತಿತು.

ಹೇಳಿದವರು ಕೆಟ್ಟವರಲ್ಲ, ಮಗುವಿನ ಮೇಲಿನ ಅಕ್ಕರೆಯಿಂದಲೇ ಹೇಳಿದರು. ಆದರೆ ಊರು ದೊಡ್ಡದಾದಷ್ಟೂ, ಗಂಟೆ ಹೆಚ್ಚಿದಷ್ಟೂ, ಶುಲ್ಕ ಏರಿದಷ್ಟೂ ಥೆರಪಿ ಒಳ್ಳೆಯದು ಎಂಬ ಈ ನಂಬಿಕೆ ತಪ್ಪು ಎಂದು ನಾನು ತಿಳಿದಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆಯ ತಂದೆತಾಯಿ ಎಳೆಯ ಮಗುವಿಗೆ ನಡವಳಿಕೆಯ ಥೆರಪಿ ಕೊಡಿಸಲು ಹೊರಟಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಒಂದೇ. ಮಗುವಿನ ಜೊತೆ ದಿನವಿಡೀ ಇರುವವರನ್ನು ಆ ಕೇಂದ್ರ ಒಳಗೆ ಕರೆದು ಕಲಿಸುತ್ತದೆಯೇ, ಅಥವಾ ಬಾಗಿಲು ಹಾಕಿಕೊಂಡು ಹೊರಗಿನ ಕುರ್ಚಿಯಲ್ಲಿ ಕೂರಿಸುತ್ತದೆಯೇ? ಹೊರಗೆ ಕೂರಿಸುವ ಕಡೆ ಬೇರೇನೇ ಸೌಲಭ್ಯವಿದ್ದರೂ ಅಲ್ಲಿಗೆ ಹೋಗಬೇಡಿ ಎನ್ನುತ್ತೇನೆ.

‘ನಲವತ್ತು ಗಂಟೆ’ ಎಲ್ಲಿಂದ ಬಂತು ಎಂಬುದನ್ನು ಆ ನೆಂಟರು ಕೇಳಿರಲಾರರು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಐವಾರ್ ಲೋವಾಸ್ 1987ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 19 ಮಕ್ಕಳಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ವಾರಕ್ಕೆ 40 ಗಂಟೆ ತರಬೇತಿ ಕೊಟ್ಟಾಗ ಅವರಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ತರಗತಿಗೆ ಹೊಂದಿಕೊಂಡರು ಎಂಬುದು ಅದರ ಸಾರ. ಎಬಿಎ ಎಂದು ಇಂದು ಬೋರ್ಡುಗಳ ಮೇಲೆ ಕಾಣುವ ನಡವಳಿಕೆಯ ಥೆರಪಿ ಪದ್ಧತಿಯ ಖ್ಯಾತಿ ಬಹುಪಾಲು ಅಲ್ಲಿಂದ ಹಬ್ಬಿದ್ದು. ತರಬೇತಿಯ ಗುಂಪಿಗೆ ಯಾವ ಮಗು, ಹೋಲಿಕೆಯ ಗುಂಪಿಗೆ ಯಾವ ಮಗು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ತಪ್ಪಿದ ಮಕ್ಕಳಿಗೆ ಗದರುವುದು, ತೊಡೆಗೆ ಹೊಡೆಯುವುದೂ ಅದರಲ್ಲಿ ಸೇರಿತ್ತು. ಇವೆರಡೂ ಆಮೇಲೆ ಸಾಕಷ್ಟು ಚರ್ಚೆಯಾದವು. ಅಷ್ಟಾಗಿ ಯಾರೂ ಹೇಳದ ಸಂಗತಿ ಇನ್ನೊಂದಿದೆ. ಆ ತರಬೇತಿ ನಡೆದದ್ದು ಮಕ್ಕಳ ಮನೆಗಳಲ್ಲೇ, ತಂದೆತಾಯಿಗೂ ಪಾಠ ಹೇಳಿಕೊಡುತ್ತಾ. ಅದಕ್ಕೂ 14 ವರ್ಷ ಮೊದಲು, 1973ರಲ್ಲಿ, ಅದೇ ಲೋವಾಸ್ ಮತ್ತು ಸಂಗಡಿಗರು ತಾವು ಹಿಂದೆ ತರಬೇತಿ ಕೊಟ್ಟಿದ್ದ ಮಕ್ಕಳನ್ನು ಮತ್ತೆ ಹುಡುಕಿ ನೋಡಿದ್ದರು. ತರಬೇತಿ ಪಡೆದ ತಂದೆತಾಯಿಯ ಮನೆಗೆ ಮರಳಿದ ಮಕ್ಕಳು ಕಲಿತದ್ದನ್ನು ಉಳಿಸಿಕೊಂಡು ಮುಂದಕ್ಕೂ ಹೋಗಿದ್ದರು. ಸಂಸ್ಥೆಗಳಿಗೆ ಸೇರಿದ ಮಕ್ಕಳು ಕಲಿತದ್ದನ್ನು ಕಳೆದುಕೊಂಡಿದ್ದರು. ನಲವತ್ತು ಗಂಟೆಯ ಮೂಲಪುರುಷನೇ ಕಂಡ ಸತ್ಯ ಇದು. ಗಂಟೆಯ ಲೆಕ್ಕ ಮಾತ್ರ ಪೇಟೆಗೆ ಬಂತು, ಮನೆಯ ಮಾತು ದಾರಿಯಲ್ಲೇ ಬಿದ್ದುಹೋಯಿತು.

ಆ ಗಂಟೆಯ ಲೆಕ್ಕವೂ ಈಗ ಗಟ್ಟಿಯಾಗಿ ಉಳಿದಿಲ್ಲ. 2024ರಲ್ಲಿ 144 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದ ಸಂಶೋಧಕರಿಗೆ, ಗಂಟೆ ಹೆಚ್ಚಿದಂತೆ ಫಲವೂ ಹೆಚ್ಚುತ್ತದೆ ಎನ್ನಲು ಭದ್ರವಾದ ಆಧಾರ ಸಿಗಲಿಲ್ಲ. ನಮಗೆ ಇನ್ನೂ ಹತ್ತಿರದ ಉದಾಹರಣೆ ಗೋವಾದ್ದು. ಅಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಟ್ಟು 65 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಆರು ತಿಂಗಳಲ್ಲಿ 12 ಭೇಟಿ. ತಾಯಿ ಮಗುವಿನೊಂದಿಗೆ ಆಡುವುದನ್ನು ವಿಡಿಯೋ ಮಾಡಿ, ಅದನ್ನು ಆಕೆಯ ಜೊತೆ ಕೂತು ನೋಡಿ, ‘ಇಲ್ಲಿ ನೀವು ಕಾದಿರಿ, ಅವನು ನಿಮ್ಮ ಕಡೆ ತಿರುಗಿದ ನೋಡಿ’ ಎಂಬ ರೀತಿಯಲ್ಲಿ ಮಾತಾಡುವುದು. ತಾಯಂದಿರು ಮಗುವಿನ ಜಾಡು ಹಿಡಿಯುವುದನ್ನು ಕಲಿತರು. ಮಕ್ಕಳು ತಾವಾಗಿಯೇ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ಎಲ್ಲ ಅಳತೆಯಲ್ಲೂ ಗೆಲುವು ಸಿಗಲಿಲ್ಲ, ತಾಯಿ ಮಗು ಒಂದೇ ವಸ್ತುವಿನಲ್ಲಿ ಗಮನ ಹಂಚಿಕೊಳ್ಳುವ ಹೊತ್ತು ಕಡಿಮೆಯಾಗಿತ್ತು ಎಂದೂ ಆ ವರದಿ ಒಪ್ಪಿಕೊಂಡಿದೆ. ಹಾಗೆ ಒಪ್ಪಿಕೊಳ್ಳುವವರನ್ನೇ ನಾನು ನಂಬುತ್ತೇನೆ. “ಆರು ತಿಂಗಳಲ್ಲಿ ಮಾತು ಗ್ಯಾರಂಟಿ” ಎಂದು ಕರಪತ್ರ ಹಂಚುವವರೂ, ಆಟಿಸಂಗೆ ಕಾಂಡಕೋಶದ ಚುಚ್ಚುಮದ್ದು ಮಾರುವವರೂ ಸುಲಿಗೆಕೋರರು.

ನಡವಳಿಕೆಯ ಥೆರಪಿ ಎಂದರೆ ಮಂತ್ರವಲ್ಲ. ಮಗು ಏನಾದರೂ ಮಾಡುವುದಕ್ಕೆ ಮೊದಲು ಏನಾಯಿತು, ಮಾಡಿದ ಮೇಲೆ ಅದಕ್ಕೆ ಏನು ಸಿಕ್ಕಿತು ಎಂಬುದನ್ನು ಸಾವಧಾನವಾಗಿ ಗಮನಿಸುವುದು ಅದರ ತಳಹದಿ. ಚೀರಿದಾಗಲೆಲ್ಲ ಮೊಬೈಲ್ ಕೈಗೆ ಬಂದರೆ ಚೀರುವುದೇ ಅದರ ಭಾಷೆಯಾಗುತ್ತದೆ. ಕೈ ಚಾಚಿದಾಗ, ಒಂದು ಸದ್ದು ಮಾಡಿದಾಗ ಬೇಕಾದ್ದು ಸಿಕ್ಕರೆ ಅದು ಭಾಷೆಯಾಗುತ್ತದೆ. ಇದನ್ನು ಕಲಿಸಲು ಬಣ್ಣದ ಚಾಪೆಯ ಕೋಣೆಯೇ ಬೇಕು ಎಂದು ಯಾರು ಹೇಳಿದರು?

ಅವರೆಕಾಯಿಯನ್ನೇ ನೋಡಿ. ಮಾಗಿಯ ಚಳಿ ಇಳಿದಾಗ ಈ ನಾಲ್ಕೂ ತಾಲ್ಲೂಕುಗಳಲ್ಲಿ ಜಗಲಿಯ ಮೇಲೆ ಕಾಯಿ ರಾಶಿ ಬೀಳುತ್ತದೆ. ಬಿಡಿಸಿದ ಕಾಳನ್ನು ನೆನೆಹಾಕಿ, ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಸಿಪ್ಪೆಯಿಂದ ಹಾರುತ್ತದೆ. ಹಿತಕಿದ ಬೇಳೆ ಮಾಡುವ ಮನೆಯಲ್ಲಿ ಇದು ಗಂಟೆಗಟ್ಟಲೆಯ ಕೆಲಸ, ಎಲ್ಲರೂ ಸುತ್ತ ಕೂತು ಮಾಡುವಂಥದ್ದು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಒಂದೇ ಕೆಲಸ ಮತ್ತೆಮತ್ತೆ ಆಗುವುದನ್ನು ನೋಡುವುದೆಂದರೆ ಪ್ರಾಣ. ಅಜ್ಜಿ ಒಂದು ಕಾಳು ಹಿತಕುತ್ತಾಳೆ, ಬೇಳೆ ಹಾರುತ್ತದೆ, ಮಗು ನಗುತ್ತದೆ. ಇನ್ನೊಂದು. ಮತ್ತೊಂದು. ನಾಲ್ಕನೆಯದಕ್ಕೆ ಅಜ್ಜಿ ಕಾಳನ್ನು ಬೆರಳಲ್ಲಿ ಹಿಡಿದು ಸುಮ್ಮನೆ ಕಾಯಬೇಕು. ಅಷ್ಟೇ. ಮಗು ಅವಳ ಬೆರಳನ್ನು ಒತ್ತಬಹುದು, ಮುಖ ನೋಡಬಹುದು, ‘ಊಂ’ ಎನ್ನಬಹುದು. ಆ ಕ್ಷಣಕ್ಕೆ “ಹಾರ್ಲಿ!” ಎಂದು ಅಜ್ಜಿ ಹಿತಕಿದರೆ, ಕೇಳಿದರೆ ಸಿಗುತ್ತದೆ ಎಂಬುದು ಮಗುವಿಗೆ ತಿಳಿಯುತ್ತದೆ. ಆಮೇಲೆ ಅಜ್ಜಿಯದೊಂದು, ಮಗುವಿನದೊಂದು, ಸರದಿ. ಸೊಗಡಿನ ವಾಸನೆ ಒಲ್ಲದ ಮಗು ಎದ್ದು ಹೋದರೆ ಹೋಗಲಿ. ಬೇಡ ಎಂದು ತಿಳಿಸುವುದೂ ಕಲಿಕೆಯೇ. ಕಾಳು ಮೂಗಿಗೋ ಗಂಟಲಿಗೋ ಹೋಗದಂತೆ ದೊಡ್ಡವರ ಕಣ್ಣಿರಬೇಕು, ಅದೊಂದು ಎಚ್ಚರ. ಆಸೆ ಹುಟ್ಟಿಸುವುದು, ಕಾಯುವುದು, ಸಣ್ಣ ಯತ್ನಕ್ಕೂ ತಕ್ಷಣ ಫಲ ಕೊಡುವುದು, ಕ್ರಮೇಣ ಸಹಾಯ ಹಿಂತೆಗೆಯುವುದು: ಥೆರಪಿಸ್ಟ್ ಶುಲ್ಕ ಪಡೆದು ಮಾಡುವುದೆಲ್ಲ ಈ ಮೊರದ ಸುತ್ತ ಇದೆ. ಆದರೆ ‘ನಾಲ್ಕನೆಯದಕ್ಕೆ ಕಾಯಿರಿ’ ಎಂಬ ಒಂದು ಗುಟ್ಟನ್ನು ಅಜ್ಜಿಗೆ ಯಾರಾದರೂ ಹೇಳಬೇಕು. ಅಕ್ಕರೆಯ ಅಜ್ಜಿ ಕಾಯುವುದಿಲ್ಲ. ಕೇಳುವ ಮೊದಲೇ ಕೊಟ್ಟುಬಿಡುತ್ತಾಳೆ. ಒಳ್ಳೆಯ ಥೆರಪಿಸ್ಟ್ ಬೇಕಾಗುವುದು ಇಲ್ಲೇ.

ಇದಕ್ಕೆ ಎದುರಾಗಿ ಬರುವ ಒಂದು ಆಕ್ಷೇಪವನ್ನು ನಾನು ಬಹಳ ಗೌರವಿಸುತ್ತೇನೆ. ‘ತಾಯಿಯ ತಲೆಯ ಮೇಲೆ ಇನ್ನೆಷ್ಟು ಹೊರಿಸುತ್ತೀರಿ?’ ಜುಲೈ, ಆಗಸ್ಟಿನಲ್ಲಿ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆಗಳಿಗೆ ಹೋಗಿ ನೋಡಿ. ಹಗಲು ಸೊಪ್ಪು ಮುರಿದು ಕಡ್ಡಿಗೆ ಕಟ್ಟಬೇಕು, ರಾತ್ರಿಯಿಡೀ ಸೊಪ್ಪು ಹದಮಾಡುವ ಬ್ಯಾರನ್ನಿನ ಬೆಂಕಿ ಕಾಯಬೇಕು. ಆ ಹೆಣ್ಣುಮಗಳಿಗೆ ‘ದಿನಾ ಮೂರು ಗಂಟೆ ಮಗುವಿಗೆ ಥೆರಪಿ ಮಾಡಿ’ ಎಂದರೆ ಅದು ಕ್ರೌರ್ಯ. ಇತಿಹಾಸವೂ ಇದೆ. ಆಟಿಸಂ ಬರುವುದು ತಾಯಿಯ ತಣ್ಣನೆಯ ಮನಸ್ಸಿನಿಂದ ಎಂದು 1960ರ ದಶಕದವರೆಗೂ ದೊಡ್ಡ ದೊಡ್ಡ ವೈದ್ಯರೇ ಬರೆದರು. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್, ಸ್ವತಃ ಆಟಿಸಂ ಇರುವ ಮಗನ ತಂದೆ, ಪುಸ್ತಕ ಬರೆದು ಅದನ್ನು ಅಲ್ಲಗಳೆಯಬೇಕಾಯಿತು. ನಮ್ಮ ಊರುಗಳಲ್ಲಿ ಅದನ್ನು ಅಲ್ಲಗಳೆಯುವವರು ಇನ್ನೂ ಬರಬೇಕು. ಸೊಸೆಯ ಕಡೆ ಬೆರಳು ತೋರಿಸುವ ಮನೆಗಳು ಬೇಕಾದಷ್ಟಿವೆ.

ಆದ್ದರಿಂದಲೇ ನಾನು ಹೇಳುತ್ತಿರುವುದು ತಾಯಿಯನ್ನು ಥೆರಪಿಸ್ಟ್ ಮಾಡಿ ಎಂದಲ್ಲ. ಸ್ನಾನ, ಊಟ, ಹಸುವಿಗೆ ನೀರಿಡುವುದು, ಹೇಗೂ ನಡೆಯುವ ಕೆಲಸದ ನಡುವೆ ಐದು ನಿಮಿಷದ ಜಾಣತನವನ್ನು ಆಕೆಗೂ ಅಪ್ಪನಿಗೂ ಅಜ್ಜಿಗೂ ದೊಡ್ಡಮ್ಮನಿಗೂ ಹಂಚಿಕೊಡಿ ಎಂದು. ಬ್ಯಾರನ್ ಕಾಲದಲ್ಲಿ ಎರಡು ತಿಂಗಳು ಬರಲಾಗದ ಕುಟುಂಬವನ್ನು ‘ಕಾಳಜಿ ಇಲ್ಲದವರು’ ಎಂದು ಬೈಯುವ ಕೇಂದ್ರಕ್ಕೆ ಈ ಸೀಮೆಯ ಮಕ್ಕಳಿಗೆ ಕಲಿಸುವ ಯೋಗ್ಯತೆಯಿಲ್ಲ. ಆ ಎರಡು ತಿಂಗಳಿಗೆಂದು ಅಜ್ಜಿಯನ್ನು ಮೇ ತಿಂಗಳಲ್ಲೇ ತಯಾರು ಮಾಡುವವರು ನಿಜವಾದ ಥೆರಪಿಸ್ಟ್.

ಎರಡನೆಯ ಆಕ್ಷೇಪ, ಆಟಿಸಂ ಇರುವ ವಯಸ್ಕರದೇ. ಎಬಿಎ ಹೆಸರಿನಲ್ಲಿ ತಮ್ಮನ್ನು ಪಳಗಿಸಿದರು, ಕಣ್ಣಲ್ಲಿ ಕಣ್ಣಿಟ್ಟು ನೋಡುವಂತೆ ಬಲವಂತ ಮಾಡಿದರು, ಕೈ ಆಡಿಸಿ ಸಮಾಧಾನ ಮಾಡಿಕೊಳ್ಳುವುದನ್ನೂ ಕಿತ್ತುಕೊಂಡರು ಎಂದು ಅವರು ಬರೆದಿದ್ದಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಕೇಂದ್ರದವರು ಬರೆದುಕೊಟ್ಟ ಗುರಿಗಳ ಹಾಳೆ ಕೇಳಿ ಓದಿ. ಬಾಯಾರಿಕೆ ತಿಳಿಸುವುದು, ಹೊಟ್ಟೆನೋವು ಎಲ್ಲಿ ಎಂದು ತೋರಿಸುವುದು, ಬಚ್ಚಲಿಗೆ ಹೋಗುವುದು, ‘ಬೇಡ’ ಎನ್ನುವುದು: ಇವು ಮಗುವಿಗಾಗಿ ಇರುವ ಗುರಿಗಳು. ‘ಕೈ ಆಡಿಸಬಾರದು, ಸುಮ್ಮನೆ ಕೂರಬೇಕು’ ಎಂಬುದು ನೋಡುವವರ ಸಮಾಧಾನಕ್ಕೆ. ಮಗುವನ್ನು ಹೊಡೆದು, ಕತ್ತಲಲ್ಲಿ ಕೂರಿಸಿ, ಊಟ ತಡೆದು ‘ಶಿಸ್ತು’ ಕಲಿಸುವವರಿದ್ದರೆ ಅದು ಥೆರಪಿಯಲ್ಲ, ಅಪರಾಧ. ಬಾಗಿಲು ಮುಚ್ಚಿದ್ದರೆ, ಮಾತು ಬಾರದ ಮಗು ಅದನ್ನು ಮನೆಗೆ ಬಂದು ಯಾವ ಬಾಯಲ್ಲಿ ಹೇಳೀತು?

ಭಾಷೆಯ ವಿಷಯ ಬೇರೆ ಇದೆ. ‘ಆಪಲ್’, ‘ಬಾಲ್’ ಎಂದು ಇಂಗ್ಲಿಷ್ ಕಾರ್ಡು ತೋರಿಸಿ, ‘ಗೊಂದಲ ಆಗುತ್ತೆ, ಮನೆಯಲ್ಲೂ ಇಂಗ್ಲಿಷೇ ಆಡಿ’ ಎನ್ನುವವರಿದ್ದಾರೆ. ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಸಂಶೋಧನೆಯಲ್ಲಿ ಆಧಾರವಿಲ್ಲ. ಇಂಗ್ಲಿಷ್ ಬಾರದ ಅಜ್ಜಿ ಮಾತೇ ಆಡದಂತಾದರೆ ಮಗುವಿಗೆ ಸಿಗುತ್ತಿದ್ದ ಸಹಜ ಮಾತು ಅರ್ಧ ನಿಂತಂತೆ. ಹೆಚ್.ಡಿ. ಕೋಟೆಯ ಹಾಡಿಯಲ್ಲಿ ಜೇನುಕುರುಬರ ನುಡಿಯಿದೆ, ಹುಣಸೂರು ಪೇಟೆಯಲ್ಲಿ ಉರ್ದು, ಬೈಲಕುಪ್ಪೆಯಲ್ಲಿ ಟಿಬೆಟನ್. ಮೊದಲ ದಿನವೇ ‘ಮನೆಯಲ್ಲಿ ಯಾವ ಮಾತು?’ ಎಂದು ಕೇಳದ ಥೆರಪಿಸ್ಟ್ ಮಗುವನ್ನು ಅರ್ಧ ಮಾತ್ರ ನೋಡಿದ್ದಾರೆ.

ಅರ್ಹತೆಯನ್ನೂ ಕೇಳಬೇಕು, ಸಂಕೋಚ ಬೇಡ. 1992ರ ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ, ಅಥವಾ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಒಂದು ತಿಂಗಳ ಶುಲ್ಕಕ್ಕಿಂತ ಕಡಿಮೆ ಇರುವ ದಂಡ ಯಾರನ್ನು ಹೆದರಿಸೀತು? ಹಾಗಾಗಿ ನಂಬರು ಕೇಳುವ ಕೆಲಸ ತಂದೆತಾಯಿಯದೇ.

ಮೈಸೂರಿಗೆ ಹೋಗಲೇಬಾರದೇ? ಹೋಗಲೇಬೇಕು. ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ದೇಶದ ಬೇರೆ ಜಿಲ್ಲೆಗಳವರು ರೈಲು ಹತ್ತಿ ಬರುವ ಜಾಗ ನಮಗೆ ಒಂದೆರಡು ಗಂಟೆಯ ದಾರಿ. ಕಿವಿ ಪರೀಕ್ಷೆ, ಸರಿಯಾದ ನಿದಾನ, ಏನು ಮಾಡಬೇಕೆಂಬ ಯೋಜನೆ ಅಲ್ಲಿಂದ ಆಗಲಿ. ಫಿಟ್ಸ್ ಬರುವ, ತನ್ನನ್ನೇ ಕಚ್ಚಿಕೊಳ್ಳುವ, ಊಟವೇ ಒಲ್ಲದ ಮಗುವಿಗೆ ತಜ್ಞರ ಕೈಯೇ ಬೇಕು. ಅಲ್ಲಿ ಅವರೆಕಾಯಿಯ ಮಾತು ಸಾಲದು. ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂದು ವರ್ಷ ಕಳೆಯುವುದೂ ಬೇಡ. ಆದರೆ ಪಿರಿಯಾಪಟ್ಟಣದಿಂದ ಹೋಗಿಬರಲು 140 ಕಿಲೋಮೀಟರ್ ಆಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ ಉಚಿತವಾಗಿದೆ, ದಿನ ಉಚಿತವಾಗಿಲ್ಲ. ಮುಕ್ಕಾಲು ಗಂಟೆಯ ಥೆರಪಿಗೆ ಒಂದು ದಿನದ ಕೂಲಿ, ಬಸ್ಸಿನ ಗದ್ದಲಕ್ಕೆ ಕಿವಿ ಮುಚ್ಚಿ ಅಳುವ ಮಗು. ಅಷ್ಟು ಕಷ್ಟಪಟ್ಟು ಹೋದ ಮೇಲೆ ಆ ಮುಕ್ಕಾಲು ಗಂಟೆ ತಾಯಿಯೂ ಒಳಗಿರಬೇಕಲ್ಲವೇ?

ತಾಲ್ಲೂಕಿನಲ್ಲೇ ಮಾಡಬಹುದಾದ್ದು ಇನ್ನೂ ಇದೆ. 1984ರಲ್ಲಿ ಯುವ ವೈದ್ಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಾಡಂಚಿನ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿದೆ. ವೈದ್ಯರು ಹಾಡಿಯತ್ತ ಹೋಗಬಲ್ಲರು ಎಂಬುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕೆಂಬ ನಿಯಮವಿದೆ. ಗುರುತಿಸಿದ ಮೇಲೆ ಕಲಿಸುವವರು ಯಾರು? ಗೋವಾದಲ್ಲಿ ಕಾರ್ಯಕರ್ತರು ಕಲಿತರೆಂದ ಮೇಲೆ ಹುಣಸೂರಿನ ಪಿಯುಸಿ, ಪದವಿ ಓದಿದ ಹೆಣ್ಣುಮಕ್ಕಳು ಕಲಿಯಲಾರರೇ? ನಾಲ್ಕು ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಥೆರಪಿಸ್ಟ್ ಕೂರುವಂತೆ, ಅವರ ಕೈಕೆಳಗೆ ಹೋಬಳಿಗೊಬ್ಬರು ಮನೆಗೆ ಹೋಗಿ ಕಲಿಸುವಂತೆ ನಮ್ಮ ಶಾಸಕರನ್ನು ಕೇಳೋಣ. ರಸ್ತೆ, ಚರಂಡಿ ಕೇಳುವಷ್ಟೇ ಗಟ್ಟಿಯಾಗಿ ಇದನ್ನೂ ಕೇಳೋಣ.

ಅಲ್ಲಿಯವರೆಗೆ, ಮಗುವನ್ನು ಎತ್ತಿಕೊಂಡು ಯಾವುದೋ ಕೇಂದ್ರದ ಮೆಟ್ಟಿಲು ಹತ್ತುವ ತಾಯಿಗೆ ಇಷ್ಟು ಹೇಳುತ್ತೇನೆ. ಮುಂಗಡ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳವ್ವ. “ನಾನೂ ಒಳಗೆ ಕೂರಬಹುದಾ? ನಾಳೆ ಮನೆಯಲ್ಲಿ ನಾನು ಏನು ಮಾಡ್ಲಿ?” ಮೊದಲನೆಯದಕ್ಕೆ ‘ಇಲ್ಲ’ ಎಂದರೆ ಎರಡನೆಯದನ್ನು ಕೇಳುವ ಅಗತ್ಯವೇ ಇಲ್ಲ, ಎದ್ದು ಬಾ. ಗದ್ದೆಯನ್ನಂತೂ ಮಾರಬೇಡ.